ಮುಚ್ಚಿಹೋದ ಭಾಗ ಯಾರ ನೆನಪಿನಲ್ಲಿರುತ್ತದೆ?

ಎಲ್ಲರಿಗೂ ನಮಸ್ಕಾರ. ಇಲ್ಲೇ ರಾಯಚೂರಿನ ಗಂಜ್‌ನಲ್ಲಿ ನಮ್ಮ ಸೋದರಮಾವನ ದಲಾಲಿ ಅಂಗಡಿ ಇತ್ತು. ಹತ್ತಿ ಸೀಸನ್ನಿನಲ್ಲಿ ಸಂಜೆ ಲೆಕ್ಕ ಬರೆಯೋಕೆ ನಾನು ಕೂಡುತ್ತಿದ್ದೆ. ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಕಂಪ್ಯೂಟರ್. ಒಂದು ದಿನ ಲೆಕ್ಕದ ಪ್ರೋಗ್ರಾಂ ಹ್ಯಾಂಗ್ ಆಯಿತು. ಅದರ ಮೇಲೆ ಕ್ಯಾಲ್ಕುಲೇಟರ್ ವಿಂಡೋ, ಅಂದರೆ ಪರದೆಯ ಮೇಲಿನ ಅದರ ಚೌಕಟ್ಟು, ಎಳೆದರೆ ಎಳೆದ ದಾರಿಯುದ್ದಕ್ಕೂ ಕ್ಯಾಲ್ಕುಲೇಟರ್‌ಗಳೇ ಸಾಲುಗಟ್ಟಿ ನಿಂತವು. ಮಾವ ಬಗ್ಗಿ ನೋಡಿ, “ಒಂದ್ ಲೆಕ್ಕಕ್ಕ ಎಷ್ಟ್ ಕ್ಯಾಲ್ಕುಲೇಟರ್ ತಗದಿಯೋ ಅಳಿಯಾ?” ಅಂದರು.

ಅವರಿಗೆ ಅಂದು ಕೊಡಲಾಗದ ಉತ್ತರ ಇದು. ಆ ಕಾಲದ ಕಂಪ್ಯೂಟರಿನಲ್ಲಿ ಪರದೆ ಒಂದೇ ಹಾಳೆ. ಒಂದೊಂದು ಚುಕ್ಕೆಗೆ ಒಂದೊಂದು ಬಣ್ಣ, ಅಷ್ಟೇ. ಮೇಲಿನ ವಿಂಡೋ, ಕೆಳಗಿನ ವಿಂಡೋ ಅನ್ನುವುದು ಆ ಹಾಳೆಗೆ ಗೊತ್ತಿಲ್ಲ. ಕ್ಯಾಲ್ಕುಲೇಟರ್ ಕೂತ ಜಾಗದಲ್ಲಿದ್ದ ಅಂಕಿಗಳು ಅಳಿಸಿಯೇ ಹೋಗಿರುತ್ತವೆ. ಅದು ಸರಿದಾಗ, ವಿಂಡೋಗಳನ್ನೆಲ್ಲ ನೋಡಿಕೊಳ್ಳುವ ವಿಂಡೋ ವ್ಯವಸ್ಥೆ ಕೆಳಗಿನ ಪ್ರೋಗ್ರಾಮಿಗೆ ಸಂದೇಶ ಕಳಿಸುತ್ತದೆ: ನಿನ್ನ ಇಷ್ಟು ಜಾಗ ತೆರೆದಿದೆ, ಮತ್ತೆ ಬರೆ. ಹ್ಯಾಂಗ್ ಆದ ಪ್ರೋಗ್ರಾಂ ಆ ಸಂದೇಶವನ್ನು ತೆರೆದು ನೋಡುವುದೇ ಇಲ್ಲ. ಅಲ್ಲಿ ಏನಿತ್ತು ಅಂತ ಬೇರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಕ್ಯಾಲ್ಕುಲೇಟರಿನ ಹಳೆಯ ಚಿತ್ರವೇ ಅಲ್ಲಿ ಉಳಿದುಬಿಡುತ್ತದೆ.

ಮುಚ್ಚಿಹೋದ ಭಾಗದ ನಕಲು ಇಟ್ಟುಕೊಳ್ಳಬಹುದಿತ್ತಲ್ಲ? ಈ ಪದ್ಧತಿ ಬೆಳೆದ ಕಾಲದಲ್ಲಿ ಅದಕ್ಕೆ ಜಾಗ ಎಲ್ಲಿತ್ತು! ಆಪಲ್ ಕಂಪನಿಯ 1984ರ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಇದ್ದ ಮೆಮೊರಿ 128 ಕಿಲೋಬೈಟ್. ಅದರ 512×342 ಚುಕ್ಕೆಗಳ ಕಪ್ಪು-ಬಿಳುಪು ಪರದೆಗೇ ಸುಮಾರು 22 ಕಿಲೋಬೈಟ್ ಹೋಗುತ್ತಿತ್ತು. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಎಕ್ಸ್ ವಿಂಡೋ ಸಿಸ್ಟಮ್ ಎಂಬ ವಿಂಡೋ ವ್ಯವಸ್ಥೆ ಕೂಡ ಮತ್ತೆ ಬರೆಯುವ ಹೊಣೆಯನ್ನು ಪ್ರೋಗ್ರಾಮಿನ ಹೆಗಲಿಗೇ ಹಾಕಿತು.

ಇಲ್ಲಿ ಆಪಲ್‌ನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಅವರನ್ನು ನೆನೆಯಲೇಬೇಕು. 1979ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಜೆರಾಕ್ಸ್ ಪಾರ್ಕ್‌ಗೆ ಹೋಗಿ ಬಂದ ಅವರು, ಅರ್ಧ ಮುಚ್ಚಿದ ವಿಂಡೋದ ಕಾಣುವ ಭಾಗವನ್ನಷ್ಟೇ ಬರೆಯುವುದನ್ನು ಅಲ್ಲಿ ನೋಡಿದೆ ಅಂದುಕೊಂಡಿದ್ದರು. ಅಲ್ಲಿ ಅದು ಇರಲೇ ಇಲ್ಲ. ಆಗುತ್ತದೆ ಅಂತ ನಂಬಿದ್ದರಿಂದಲೇ ಅಂಕುಡೊಂಕಾದ ಆಕಾರಗಳನ್ನು ಚುರುಕಾಗಿ ಲೆಕ್ಕ ಹಾಕುವ ವಿಧಾನವನ್ನು ತಾವೇ ಕಂಡುಹಿಡಿದರು. ನನಗೆ ಇದು ಬಹಳ ಪ್ರೀತಿಯ ಕಥೆ.

ಇವತ್ತಿನ ವ್ಯವಸ್ಥೆಗೆ ನಮ್ಮ ಸೀಮೆಯ ತೊಗಲುಗೊಂಬೆ ಆಟವೇ ಸರಿಯಾದ ಹೋಲಿಕೆ. ರಾಮನ ಮುಂದೆ ಹನುಮಂತ ಬಂದರೆ ರಾಮನ ಬಣ್ಣವೇನೂ ಅಳಿಸುವುದಿಲ್ಲ. ಹನುಮಂತ ಸರಿದರೆ ರಾಮ ಇದ್ದಲ್ಲೇ ಇರುತ್ತಾನೆ. ತೊಗಲು ತೆಳುವಾಗಿದ್ದರೆ ಎರಡೂ ಬಣ್ಣ ಬೆರೆತು ಕಾಣುತ್ತವೆ. ಹಾಗೆಯೇ ಈಗ ಪ್ರತಿ ವಿಂಡೋಗೂ ಮೆಮೊರಿಯಲ್ಲಿ ತನ್ನದೇ ಪೂರ್ಣ ಚಿತ್ರವಿದೆ. ಕಂಪೋಸಿಟರ್ ಅನ್ನುವ ಪ್ರೋಗ್ರಾಂ ಅವನ್ನೆಲ್ಲ ಜೋಡಿಸಿ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲದವರೆಗೆ ಪರದೆಗೆ ಕೊಡುತ್ತದೆ. 1920×1080ರ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟ್ ಬೇಕು. ಈಗ ಅದು ಭಾರವಲ್ಲ. ಮ್ಯಾಕ್ ಓಎಸ್ ಎಕ್ಸ್, ವಿಂಡೋಸ್ ವಿಸ್ಟಾ ಈ ದಾರಿ ಹಿಡಿದವು. ಲಿನಕ್ಸ್‌ನಲ್ಲಿ 2008ರಲ್ಲಿ ಶುರುವಾದ ವೇಲ್ಯಾಂಡ್ ಎಂಬ ವಿಂಡೋ ವ್ಯವಸ್ಥೆ, ಈ ಜೋಡಿಸುವ ಕೆಲಸವನ್ನೇ ಇಡೀ ವ್ಯವಸ್ಥೆಯ ನಡುವೆ ಇಟ್ಟಿತು.

ಆದ್ದರಿಂದ ಈಗ ಕ್ಯಾಲ್ಕುಲೇಟರ್ ಎಳೆದರೆ ಗುರುತು ಉಳಿಯುವುದಿಲ್ಲ. ಆದರೆ ಅಂಗಡಿಯಲ್ಲಿ ಕೂಡುವವರು ಒಂದು ಗಮನಿಸಿ: ಹ್ಯಾಂಗ್ ಆದ ಪ್ರೋಗ್ರಾಮಿನ ಅಂಕಿಗಳೂ ಅಷ್ಟೇ ಅಚ್ಚುಕಟ್ಟಾಗಿ ಕಾಣುತ್ತಿರಬಹುದು. ನೀವು ನೋಡುತ್ತಿರುವುದು ಅದು ಕೊನೆಯ ಸಲ ಬರೆದಿಟ್ಟ ಚಿತ್ರ. ರೈತರಿಗೆ ಮೊತ್ತ ಓದಿ ಹೇಳುವ ಮೊದಲು ಕರ್ಸರ್ ಮಿಟುಕುತ್ತಿದೆಯಾ ನೋಡಿಕೊಳ್ಳಿ.