ಫೀಸು ಆಮೇಲೆ ನೋಡೋಣ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಲ್ಲಿ ನಮ್ಮ ಮನೆಗೆ ಒಂದು ಲಕೋಟೆ ಬಂತು. ಪೋಸ್ಟ್‌ಮನ್ ಕೊಡೆ ಮಡಚಿಟ್ಟು ಜಗಲಿಯಲ್ಲಿ ಕೂತರು. ಸಹಿ ಹಾಕಿಸಿಕೊಂಡರು, ಕಾಫಿ ಕುಡಿದು ಹೋದರು. ಒಡೆದು ನೋಡಿದರೆ ಒಳಗೆ ಬಿಲ್ಲು. ಶಿವಮೊಗ್ಗದ ಒಬ್ಬ ವಕೀಲರದ್ದು. ಕಾನೂನು ಸಲಹೆಗೆ 3,000. ದಾಖಲೆ ಪರಿಶೀಲನೆಗೆ 5,000. ನೋಟಿಸ್ ಕರಡಿಗೆ 6,000. ಇತರೆ ಖರ್ಚು 1,000. ಅದರ ಮೇಲೆ ಜಿಎಸ್‌ಟಿ ಶೇಕಡಾ 18ರಂತೆ 2,700. ಒಟ್ಟು 17,700 ರೂಪಾಯಿ.

ನಾನು ಕೇಸೇ ಹಾಕಿರಲಿಲ್ಲ!

ಹಿಂದಿನ ಕತೆ ಹೇಳಿಬಿಡುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಊರು. ನಾನು ಮೇಷ್ಟ್ರಾಗಿ ನಿವೃತ್ತನಾದವನು. ಎರಡು ಎಕರೆ ಅಡಿಕೆ ತೋಟ ಇದೆ. ತೋಟಕ್ಕೆ ಹೋಗುವ ದಾರಿ ಪಕ್ಕದವರ ಬ್ಯಾಣದ, ಅಂದರೆ ಹುಲ್ಲು ಬೆಳೆಯುವ ಜಾಗದ, ಅಂಚಿನಲ್ಲಿ ಹಾಯ್ದು ಹೋಗುತ್ತದೆ. ಅಜ್ಜನ ಕಾಲದಿಂದಲೂ ಹಾಗೇ. ಆ ವರ್ಷ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಪಕ್ಕದವನು ಜೆಸಿಬಿ ತರಿಸಿದ. ಬ್ಯಾಣದ ಸುತ್ತ ಅಗಳ ಹೊಡೆಸಿದ. ಅಗಳ ನಮ್ಮ ದಾರಿಯನ್ನೂ ಕಡಿದುಕೊಂಡು ಹೋಯಿತು.

ಅಡಿಕೆ ಬೆಳೆಯುವವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮೊದಲ ಔಷಧಿ ಹೊಡೆಸಿ ಆಗಿತ್ತು. ಎರಡನೇದು ಹೊಡೆಸದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಮೈಲುತುತ್ತ, ಸುಣ್ಣ, ಡ್ರಮ್ಮು, ಪಂಪು, ಪೈಪು, ಎಲ್ಲ ತೋಟಕ್ಕೆ ಹೋಗಬೇಕು. ಹೇಗೆ ಹೋಗಬೇಕು? ಅಗಳದಲ್ಲಿ ಸೊಂಟದ ತನಕ ನೀರು.

ಪಕ್ಕದವನ ಹತ್ತಿರ ಮಾತಾಡಲು ಹೋದೆ. ಮಾತು ಜಗಳವಾಯಿತು. ಸಿಟ್ಟಿನಲ್ಲಿ ಮರುದಿನವೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಯಾರೋ ಹೇಳಿದ ವಕೀಲರ ಆಫೀಸು ಹುಡುಕಿಕೊಂಡು ಒಳಗೆ ಕೂತೆ. ಒಳ್ಳೆಯವರೇ, ಸುಳ್ಳು ಹೇಳಬಾರದು. ಸುಮಾರು ಮುಕ್ಕಾಲು ಗಂಟೆ ನನ್ನ ಮಾತು ಕೇಳಿದರು. ಪಹಣಿ ನೋಡಿದರು, ಸರ್ವೆ ನಕ್ಷೆ ಬಿಡಿಸಿ ನೋಡಿದರು. 20 ವರ್ಷಕ್ಕೂ ಜಾಸ್ತಿ ತಡೆಯಿಲ್ಲದೆ ಓಡಾಡಿದ್ದಕ್ಕೆ ಸಾಕ್ಷಿ ಇದ್ದರೆ ದಾರಿಯ ಹಕ್ಕು ಕೇಳಬಹುದು ಅಂದರು. ಅಷ್ಟು ಕೇಳಿದ್ದೇ ನನಗೆ ಆನೆ ಬಲ ಬಂತು.

ಏಳುವಾಗ ಕೇಳಿದೆ, "ಸಾರ್, ಫೀಸು?"

ಅವರು ಕೈ ಆಡಿಸಿ, "ಅದೆಲ್ಲ ಆಮೇಲೆ ನೋಡೋಣ ಬಿಡಿ. ಕಾಗದ ಇಲ್ಲೇ ಇರಲಿ" ಅಂದರು.

ನಾನು ಕೈ ಮುಗಿದು, "ಆಯ್ತು, ನೋಡಿ ಸಾರ್, ಏನಾದ್ರೂ ಮಾಡಿ" ಅಂದು ಬಂದುಬಿಟ್ಟೆ.

ಈ ಎರಡು ಮಾತೇ ನನಗೆ ಮುಳುವಾಗಿದ್ದು. ನಮ್ಮ ಕಡೆ "ನೋಡೋಣ" ಅಂದರೆ ಏನು ಅಂತ ನಿಮಗೆ ಗೊತ್ತು. ಮದುವೆಗೆ ಕರೆದಾಗ "ನೋಡೋಣ" ಅಂದರೆ ಬರುವುದಿಲ್ಲ ಅಂತ. ಕೈಗಡ ಕೇಳಿದಾಗ "ನೋಡೋಣ" ಅಂದರೆ ಕೊಡುವುದಿಲ್ಲ ಅಂತ. ಹಾಗಾಗಿ ವಕೀಲರು ಫೀಸಿಗೆ "ನೋಡೋಣ" ಅಂದಾಗ, ಇವತ್ತಿನದಕ್ಕೆ ಏನೂ ಬೇಡ ಅಂತಲೇ ನಾನು ತಿಳಿದೆ. ಅವರ ಲೆಕ್ಕದಲ್ಲಿ ಅದು ಆಮೇಲೆ ಬಿಲ್ಲು ಕಳಿಸುತ್ತೇನೆ ಅಂತ. ಇನ್ನು ನಾನು ಹೇಳಿದ "ಏನಾದ್ರೂ ಮಾಡಿ"? ಅದು ನನಗೆ ಹೊರಡುವಾಗ ಹೇಳುವ ಮಾತು, ಅಷ್ಟೇ. ಅವರು ಅದನ್ನು ಕೆಲಸ ಒಪ್ಪಿಸಿದ ಮಾತು ಅಂತ ತೆಗೆದುಕೊಂಡರು.

ಆಮೇಲೆ ಆಗಿದ್ದೇ ಬೇರೆ. ನಾಲ್ಕೇ ದಿನದಲ್ಲಿ ಊರಿನ ಹಿರಿಯರು ಇಬ್ಬರನ್ನೂ ಕೂರಿಸಿ ಬೈದರು. ಪಕ್ಕದವನೇ ನಾಲ್ಕು ಅಡಿಕೆ ಮರದ ದಬ್ಬೆ ತಂದು ಅಗಳಕ್ಕೆ ಸಂಕ ಹಾಕಿಸಿದ. ಪುನರ್ವಸು ಮಳೆ ಹೊಳವಾದ ಎರಡು ದಿನದಲ್ಲಿ ಔಷಧಿಯೂ ಹೊಡೆದಾಯಿತು. ವಕೀಲರ ವಿಷಯ ನನಗೆ ಮರೆತೇ ಹೋಯಿತು. ಒಂದು ಫೋನು ಮಾಡಿ "ರಾಜಿ ಆಯ್ತು ಸಾರ್, ಬೇಡ" ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಬಿಲ್ಲು ನೋಡಿದ ಮೇಲೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಹೆಂಡತಿ ಒಂದೇ ಮಾತು ಹೇಳಿದಳು. "ಅಡಿಕೆ ಮಂಡಿಯಲ್ಲಿ ಕಿಲೋಗೆ ಒಂದು ರೂಪಾಯಿ ಕಡಿಮೆ ಅಂದ್ರೆ ಅರ್ಧ ಗಂಟೆ ಜಗಳ ಆಡ್ತೀರಿ. ಅಲ್ಲಿ ಬಾಯಿಗೆ ಎಂತ ಆಗಿತ್ತು?" ನಿಜವೇ. ಮಂಡಿಯಲ್ಲಿ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಗೊರಬಲಿಗೆ ಎಷ್ಟು ಅಂತ ಕೇಳದೆ ಚೀಲ ಇಳಿಸುವುದಿಲ್ಲ. ಪಟ್ಟಿ ಬರೆಸಿಕೊಳ್ಳದೆ ಹೊರಗೆ ಬರುವುದಿಲ್ಲ. ವಕೀಲರ ಮುಂದೆ, ಡಾಕ್ಟರ ಮುಂದೆ ಮಾತ್ರ ದುಡ್ಡಿನ ಮಾತು ಎತ್ತಲು ನಾಚಿಕೆ. ಯಾಕೋ ಗೊತ್ತಿಲ್ಲ.

ನಮ್ಮ ಭಾವ ಒಬ್ಬರಿದ್ದಾರೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಬಿಲ್ಲು ಹಿಡಿದುಕೊಂಡು ಅವರ ಮನೆಗೆ ಹೋದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಶುರುವಾಯಿತು ಪಾಟೀಸವಾಲು.

"ವಕಾಲತ್ತಿಗೆ ಸಹಿ ಹಾಕಿದ್ಯಾ? ಇವರೇ ನನ್ನ ವಕೀಲರು ಅಂತ ಬರೆದುಕೊಡೋ ಕಾಗದಕ್ಕೆ?"

"ಇಲ್ಲ ಭಾವ."

"ನೋಟಿಸ್ ಕಳಿಸಿದಾರಾ?"

"ಇಲ್ಲ."

"ನೋಟಿಸ್ ಬರೀರಿ ಅಂತ ನೀನು ಹೇಳಿದ್ಯಾ?"

"ಏನಾದ್ರೂ ಮಾಡಿ ಅಂದಿದ್ದೆ."

ಭಾವ ನಕ್ಕರು. "ಏನಾದ್ರೂ ಅಂದ್ರೆ ಎಂತ ಮಾರಾಯ? ನಾಳೆ ಸುಪ್ರೀಂ ಕೋರ್ಟಿಗೆ ಹೋದ್ರೂ ಏನಾದ್ರೂನೇ."

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ನಿಮಗೂ ಹೇಳುತ್ತೇನೆ. ವಕೀಲರ ಫೀಸಿಗೆ ಅಂತಲೇ 1926ರ ಒಂದು ಹಳೇ ಕಾಯ್ದೆ ಇದೆ. ವಕೀಲರು ಮತ್ತು ಕಕ್ಷಿದಾರರು ಮಾತಾಡಿಕೊಂಡು ಫೀಸು ಗೊತ್ತು ಮಾಡಿಕೊಳ್ಳಬಹುದು ಅಂತ ಅದು ಹೇಳುತ್ತದೆ. ಗೊತ್ತು ಮಾಡಿಕೊಳ್ಳದೆ ಕೆಲಸ ಮಾಡಿದ್ದರೂ ವಕೀಲರು ಫೀಸಿಗಾಗಿ ದಾವೆ ಹಾಕಬಹುದು. ಆದರೆ ಆಗ ಅವರು ಬರೆದಷ್ಟೇ ಸಿಗುತ್ತದೆ ಅಂತಲ್ಲ. ಕೋರ್ಟು ಖರ್ಚು ಕೊಡಿಸುವಾಗ ವಕೀಲರ ಫೀಸನ್ನು ಯಾವ ನಿಯಮದ ಪ್ರಕಾರ ಲೆಕ್ಕ ಹಾಕುತ್ತಾರೋ ಆ ಲೆಕ್ಕ. ಅಂದರೆ, ಕೇಸು ಹಾಕಿಲ್ಲ, ಹಾಗಾಗಿ ನಾನು ಒಂದು ಪೈಸೆಯನ್ನೂ ಕೊಡುವುದಿಲ್ಲ ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ. ನಾವು ಕೇಳಿ ಮಾಡಿಸಿಕೊಂಡ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಲೇಬೇಕು. ಕೇಳದ ಕೆಲಸದ ಬಾಬ್ತು ಬೇರೆ. ಅದನ್ನು ನಾವು ಕೇಳಿದ್ದೆವು ಅಂತ ಅವರು ತೋರಿಸಬೇಕು.

"ಗ್ರಾಹಕರ ಕೋರ್ಟಿಗೆ ಹೋಗ್ಲಾ?" ಅಂತ ಕೇಳಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆ ಬಾಗಿಲು ಮುಚ್ಚಿದೆ ಅಂದರು ಭಾವ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೆಂಗಳೂರಿನಲ್ಲಿ ರಾಜ್ಯ ವಕೀಲರ ಪರಿಷತ್ತು ಇದೆಯಲ್ಲ, 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಕೆಳಗೆ ಅಲ್ಲಿಗೆ ದೂರು ಕೊಡಬಹುದು. ಆದರೆ ಅದು ವಕೀಲರು ದುರ್ನಡತೆ ತೋರಿಸಿದಾಗ. ದುಡ್ಡು ನುಂಗಿದರು, ಎದುರು ಪಾರ್ಟಿಯ ಜೊತೆ ಸೇರಿಕೊಂಡರು, ಅಂಥದ್ದಕ್ಕೆ. ಅಲ್ಲಿ ಶಿಸ್ತು ವಿಚಾರಿಸುತ್ತಾರೆ, ಬಿಲ್ಲಿನಲ್ಲಿ ಚೌಕಾಸಿ ಮಾಡಿಕೊಡುವುದಿಲ್ಲ. ಮೊದಲು ಒಂದು ಕಾಗದ ಬರಿ, ಆಮೇಲೆ ಎದುರು ಕೂತು ಮಾತಾಡು ಅಂದರು.

ಇನ್ನೊಂದು ಸಂಗತಿ ನನಗೆ ಹೊಸದು. ಜಿಎಸ್‌ಟಿ. ವಕೀಲರು ನಮ್ಮಂಥ ಸಾಮಾನ್ಯ ಜನರಿಗೆ ಕೊಡುವ ಕಾನೂನು ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ದೊಡ್ಡ ವಹಿವಾಟಿನ ಸಂಸ್ಥೆಗಳಾದರೆ ಆ ತೆರಿಗೆಯನ್ನು ಸಂಸ್ಥೆಯವರೇ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾರೆ. ತೋಟದ ದಾರಿ ಕೇಳಲು ಹೋದ ಮೇಷ್ಟ್ರಿಗೆ 2,700 ಹಾಕುವ ಹಾಗಿಲ್ಲ. ಭಾವ ಪೆನ್ಸಿಲ್ ತೆಗೆದು ಆ ಸಾಲಿನ ಮೇಲೆ ಗೀಟು ಎಳೆದರು. ನೋಡಲು ಬಹಳ ಹಿತವಾಗಿತ್ತು!

ನನ್ನ ಭಯ ಇದ್ದದ್ದು ಕಾಗದಪತ್ರದ ಮೇಲೆ. ಅಪ್ಪನ ಕಾಲದ ವಿಭಾಗ ಪತ್ರ ಅವರ ಹತ್ತಿರವೇ ಉಳಿದಿತ್ತು. ದುಡ್ಡು ಕೊಡುವ ತನಕ ಕೊಡುವುದಿಲ್ಲ ಅಂದರೆ? ಅದಕ್ಕೂ ಉತ್ತರ ಇತ್ತು. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರನ ಕಾಗದ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ತೀರ್ಪು ಕೊಟ್ಟಿದೆ.

ಕಾಗದ ಬರೆದೆ. ಮೂರು ಸಲ ಬರೆದು ಹರಿದೆ. ಮೊದಲನೇದರಲ್ಲಿ ಬರೀ ಸಿಟ್ಟು. ಎರಡನೇದು ಗೋಗರೆದ ಹಾಗಿತ್ತು. ಮೂರನೇದರಲ್ಲಿ ರಾಮಾಯಣವೇ ಬಂದುಬಿಟ್ಟಿತ್ತು. ಕೊನೆಗೆ ಕಳಿಸಿದ್ದು ಇಷ್ಟು: "ಮಾನ್ಯರೇ, ನಾನು ಇಂಥ ದಿನ ತಮ್ಮನ್ನು ಕಂಡು ಸಲಹೆ ಕೇಳಿದ್ದು ನಿಜ. ಅದಕ್ಕೆ ಫೀಸು ಕೊಡಲು ಸಿದ್ಧನಿದ್ದೇನೆ. ಫೀಸು ಎಷ್ಟು ಎಂದು ಅಂದು ತಿಳಿಸಿರಲಿಲ್ಲ. ನೋಟಿಸ್ ಬರೆಯಲು ನಾನು ಹೇಳಿರಲಿಲ್ಲ, ವಕಾಲತ್ತಿಗೆ ಸಹಿ ಹಾಕಿಲ್ಲ. ಯಾವ ದಿನ ಯಾವ ಕೆಲಸ ಆಯಿತು, ಇತರೆ ಖರ್ಚು ಎಂದರೆ ಏನು, ಜಿಎಸ್‌ಟಿ ಯಾವ ಆಧಾರದ ಮೇಲೆ, ದಯವಿಟ್ಟು ತಿಳಿಸಿ. ನನ್ನ ಕಾಗದಪತ್ರಗಳನ್ನು ಹಿಂದಕ್ಕೆ ಕೊಡಿ. ವ್ಯಾಜ್ಯ ರಾಜಿಯಾಗಿದೆ, ಮುಂದೆ ಏನೂ ಮಾಡುವುದು ಬೇಡ." ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಒಂದು ಪ್ರತಿ ಮನೆಯಲ್ಲಿ ಉಳಿಸಿಕೊಂಡೆ.

ವಾರ ಕಳೆದು ಅವರ ಜೂನಿಯರ್ ಹುಡುಗ ಫೋನು ಮಾಡಿದ. "ಬನ್ನಿ ಸಾರ್, ಮಾತಾಡೋಣ" ಅಂದ.

ಹೋದೆ. ಜಗಳ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ವಕೀಲರಿಗೂ ಬೇಸರವಾಗಿತ್ತು. "ನೀವೇ ಅಲ್ವಾ ಏನಾದ್ರೂ ಮಾಡಿ ಸಾರ್ ಅಂದಿದ್ದು? ಮಾಡಿದೀವಿ. ಹುಡುಗ ಎರಡು ದಿನ ಕೂತು ಬರೆದಿದಾನೆ" ಅಂದರು. ನಾನು ಜೂನಿಯರ್ ಮುಖ ನೋಡಿದೆ. ಅವನು ನೆಲ ನೋಡಿದ. ಈ ಹುಡುಗರಿಗೆ ಸೀನಿಯರ್ ಕೊಡುವುದು ಅಷ್ಟಕ್ಕಷ್ಟೇ ಅಂತ ಕೇಳಿದ್ದೇನೆ. ನನ್ನ 6,000ದಲ್ಲಿ ಅವನಿಗೆ ಎಷ್ಟು ಸೇರುತ್ತಿತ್ತೋ.

ಜಿಎಸ್‌ಟಿ ಸಾಲನ್ನು ಅವರೇ ಹೊಡೆದು ಹಾಕಿದರು. ಗುಮಾಸ್ತ ಬೇರೆಯವರ ಬಿಲ್ಲು ನೋಡಿ ಹಾಕಿದ್ದು ಅಂದರು. ಇತರೆ ಖರ್ಚು ಅಂದರೆ ಜೆರಾಕ್ಸು, ಟೈಪು. ಅದನ್ನೂ ಬಿಟ್ಟರು. ಆಮೇಲೆ, "ಹತ್ತು ಸಾವಿರ ಮಾಡಿ" ಅಂದರು. ನಾನು ಆಗ ಮಂಡಿಯನ್ನು ನೆನೆಸಿಕೊಂಡೆ. "ಸಾರ್, ಸಲಹೆಗೆ ಮೂರು ಸಾವಿರ ಬರೆದಿದೀರಿ, ಪೂರ್ತಿ ಕೊಡ್ತೀನಿ. ನಿಮ್ಮ ಮಾತಿಂದಲೇ ನನಗೆ ಧೈರ್ಯ ಬಂದಿದ್ದು. ಕಾಗದ ನೋಡಿದ್ದಕ್ಕೆ ಒಂದೂವರೆ. ನೋಟಿಸ್ ನಾನು ಹೇಳಿದ್ದಲ್ಲ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಫ್ಯಾನು ಕಿರುಗುಟ್ಟುತ್ತಿತ್ತು. ಕೊನೆಗೆ 5,000ಕ್ಕೆ ಮುಗಿಯಿತು. ಇದು ಪೂರ್ಣ ಬಾಬ್ತು, ಇನ್ನು ಬಾಕಿ ಇಲ್ಲ ಅಂತ ರಸೀದಿಯಲ್ಲಿ ಬರೆಸಿಕೊಂಡೆ. ವಿಭಾಗ ಪತ್ರ, ಪಹಣಿ, ನಕ್ಷೆ, ಎಲ್ಲವನ್ನೂ ಒಂದೊಂದಾಗಿ ಎಣಿಸಿಕೊಂಡೆ. ಐನೂರು ಜಾಸ್ತಿ ಕೊಟ್ಟೆ ಅಂತ ಮನೆಯಲ್ಲಿ ಇವತ್ತಿಗೂ ಮಾತಿದೆ.

ಎಲ್ಲ ವಕೀಲರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಮೊದಲ ಮಾತಿಗೆ ದುಡ್ಡು ಮುಟ್ಟದವರು ಬಹಳ ಜನ ಇದ್ದಾರೆ. ಇನ್ನು ಕೆಲವರು, ಪರಿಹಾರ ಬಂದರೆ ಇಷ್ಟು ಪಾಲು ಕೊಡಿ ಅಂತ ಕೇಳುತ್ತಾರೆ. ಅದಕ್ಕೆ ತಲೆ ಆಡಿಸಬೇಡಿ. ಗೆದ್ದ ದುಡ್ಡಿನಲ್ಲಿ ಶೇಕಡಾವಾರು ಫೀಸು ಗೊತ್ತು ಮಾಡುವುದು ಸಲ್ಲದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸುಮ್ನೆ ಒಂದು ಸಲಹೆ ಬೇಕು ಅನ್ನುವವರಿಗೆ ಕಾನೂನು ಸೇವಾ ಪ್ರಾಧಿಕಾರ ಇದೆ. ಶಿವಮೊಗ್ಗದ ಕೋರ್ಟು ಆವರಣದಲ್ಲಿ ಜಿಲ್ಲೆಯದ್ದು, ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿ. ಫೋನು ನಂಬರು 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ನನ್ನ ತೋಟ ಹೆಂಡತಿಯ ಹೆಸರಿನಲ್ಲೇ ಇರುವುದು. ಅವಳನ್ನು ಕರೆದುಕೊಂಡು ಅಲ್ಲಿಗೇ ಹೋಗಬಹುದಿತ್ತು, ಅಲ್ವಾ? ಇದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ. ಈಗ ರೇಡಿಯೋದಲ್ಲಿ ಕೇಳಿಸಿಕೊಂಡಿರುತ್ತಾಳೆ.

ಮನೆಗೆ ಬಂದು ಲಕೋಟೆ ಬಿಚ್ಚಿದಾಗ ಕಾಗದಗಳ ಕೆಳಗೆ ಆ ನೋಟಿಸ್ ಕರಡೂ ಇತ್ತು. ಎರಡು ಪುಟ. ಜೂನಿಯರ್ ಹುಡುಗ ಇಟ್ಟಿರಬೇಕು. ಸಂಜೆ ತೋಟಕ್ಕೆ ಹೊರಟಾಗ ಪಕ್ಕದವನು ಸಂಕದ ಹತ್ತಿರ ಸಿಕ್ಕ. "ನಿನ್ನ ಮೇಲೆ ಬರೆಸಿದ್ದು, ಓದು" ಅಂತ ಅವನ ಕೈಗೆ ಕೊಟ್ಟೆ. ಅವನು ಸಂಕದ ಮೇಲೆ ನಿಂತೇ ಮೊದಲಿಂದ ಕೊನೆ ತನಕ ಓದಿದ.

"ಮೇಷ್ಟ್ರೇ, ನನ್ನ ಹೆಸರೆಲ್ಲ ಸರಿ ಬರೆದಿದಾರೆ. ನಿಮ್ಮ ಅಪ್ಪಯ್ಯನ ಹೆಸರೇ ತಪ್ಪಿದೆ ನೋಡಿ" ಅಂದ.

ನಮಸ್ಕಾರ.