ಐ5-1135ಜಿ7 ಮತ್ತು ರೈಜನ್ 5500ಯು: ವೇಗ ಯಾವುದಕ್ಕೆ ಜಾಸ್ತಿ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ವಿದ್ಯಾರ್ಥಿಗಳೇ ಜಾಸ್ತಿ ಇದ್ದೀರಿ. ಅದಕ್ಕೇ ನಿಮ್ಮ ಕೈಗೆಟುಕುವ ಎರಡು ಪ್ರೊಸೆಸರ್‌ಗಳನ್ನು ಆರಿಸಿಕೊಂಡಿದ್ದೇನೆ. ಒಂದು ಇಂಟೆಲ್ ಕೋರ್ ಐ5-1135ಜಿ7, 2020ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಇನ್ನೊಂದು ಎಎಂಡಿ ರೈಜನ್ 5 5500ಯು, 2021ರ ಜನವರಿಯದು. ಹೊಸವಲ್ಲ, ನಿಜ. ಆದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುವವರಿಗೆ ಇವು ಇವತ್ತಿಗೂ ಒಳ್ಳೆಯ ಆಯ್ಕೆ. ವಿಂಡೋಸ್ 11 ಎರಡರಲ್ಲೂ ನಡೆಯುತ್ತದೆ.

ಐ5ರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಂದೇ ಸಲಕ್ಕೆ ಹಿಡಿಯಬಲ್ಲ ಕೆಲಸದ ಎಳೆ). ರೈಜನ್‌ನಲ್ಲಿ 6 ಕೋರ್, 12 ಥ್ರೆಡ್. ಐ5ರ ಗರಿಷ್ಠ ವೇಗ 4.2 ಗಿಗಾಹರ್ಟ್ಸ್, ರೈಜನ್‌ನದು 4.0. ಒಂದೇ ಕೋರ್ ಮೇಲೆ ಬೀಳುವ ಕೆಲಸದಲ್ಲಿ ಐ5 ಸ್ವಲ್ಪ ಮುಂದೆ. ಬ್ರೌಸರ್‌ನಲ್ಲಿ ಪುಟ ತೆರೆಯುವುದು, ಎಕ್ಸೆಲ್ ಶೀಟ್‌ನಲ್ಲಿ ಓಡಾಡುವುದು ಎಲ್ಲ ಇಂಥ ಕೆಲಸಗಳೇ. ಗಿಗಾಹರ್ಟ್ಸ್ ಅಂತರ ಚಿಕ್ಕದು. ಆದರೆ ಐ5ರ ಕೋರ್ ವಿನ್ಯಾಸ ಹೊಸದು, ಒಂದೊಂದು ಕ್ಲಾಕ್‌ಗೂ ಹೆಚ್ಚು ಕೆಲಸ ಮುಗಿಸುತ್ತದೆ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವಾಗ, ದೊಡ್ಡ ಪ್ರಾಜೆಕ್ಟಿನ ಕೋಡ್ ಕಂಪೈಲ್ ಮಾಡುವಾಗ (ಕಂಪ್ಯೂಟರಿಗೆ ಅರ್ಥವಾಗುವಂತೆ ಬದಲಿಸುವಾಗ) ಎಲ್ಲ ಕೋರ್‌ಗಳೂ ದುಡಿಯಬೇಕು. ಅಲ್ಲಿ ರೈಜನ್ ಆರಾಮಾಗಿ ಮುಂದೆ ಹೋಗುತ್ತದೆ.

ಇಲ್ಲಿ ಹೆಸರಿನ ವಿಷಯ ಒಂದಿದೆ. 5500ಯು, ಎಎಂಡಿಯದೇ ಇನ್ನೊಂದು ಚಿಪ್ 5600ಯು, ಎರಡೂ ಒಂದೇ ವಂಶದವು ಅನ್ನಿಸುತ್ತದೆ, ಅಲ್ವಾ? ಅಲ್ಲ. 5600ಯು ಝೆನ್ 3 ವಿನ್ಯಾಸದ್ದು, 5500ಯು ಅದಕ್ಕಿಂತ ಹಳೆಯ ಝೆನ್ 2. 5600ಯುನಲ್ಲಿ 16 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಒಂದೇ ಕಡೆ ಇದೆ. 5500ಯುನಲ್ಲಿ ಇರುವುದು 8 ಎಂಬಿ, ಅದೂ 4 ಎಂಬಿಯ ಎರಡು ಭಾಗವಾಗಿ ಒಡೆದದ್ದು. ಎರಡನ್ನೂ ಒಂದೇ ಸಾಲಿನ ಹೆಸರಲ್ಲಿ ಮಾರಿದ್ದು ಕೊಳ್ಳುವವರಿಗೆ ಮಾಡಿದ ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. 5600ಯು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಪ್ರೊಸೆಸರ್ ಹೆಸರು ನೋಡಿ ವೇಗ ಹೇಳಲು ಆಗುವುದಿಲ್ಲ. ಐ5-1135ಜಿ7 ಚಿಪ್‌ಗೆ ಎಷ್ಟು ವಿದ್ಯುತ್ ಕೊಡಬೇಕು ಅನ್ನುವುದನ್ನು ಇಂಟೆಲ್ ಲ್ಯಾಪ್‌ಟಾಪ್ ತಯಾರಕರಿಗೆ ಬಿಟ್ಟಿದೆ. 12 ವ್ಯಾಟ್‌ನಿಂದ 28 ವ್ಯಾಟ್‌ವರೆಗೆ. 28 ವ್ಯಾಟ್ ಕೊಟ್ಟರೆ ಮೂಲ ವೇಗ 2.4 ಗಿಗಾಹರ್ಟ್ಸ್. 12 ವ್ಯಾಟ್‌ಗೆ ಇಳಿಸಿದರೆ 0.9. ಸ್ಟಿಕ್ಕರ್ ಮಾತ್ರ ಎರಡಕ್ಕೂ ಒಂದೇ! ರೈಜನ್‌ಗೂ ಹೀಗೇ, 10ರಿಂದ 25 ವ್ಯಾಟ್‌ವರೆಗೆ ಹೊಂದಿಸಬಹುದು. ಹಾಗಾಗಿ ತೆಳ್ಳಗಿನ, ಒಂದೇ ಸಣ್ಣ ಫ್ಯಾನ್ ಇರುವ ಲ್ಯಾಪ್‌ಟಾಪಿನ ಐ5ಗೂ, ಬಿಸಿ ಹೊರಹಾಕುವ ದಪ್ಪ ಹೀಟ್‌ಸಿಂಕ್ ಇರುವ ಲ್ಯಾಪ್‌ಟಾಪಿನ ಐ5ಗೂ ಇರುವ ಅಂತರ ಕೆಲವೊಮ್ಮೆ ಎರಡು ಕಂಪನಿಗಳ ಚಿಪ್‌ಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರುತ್ತದೆ.

ಬೆಂಚ್‌ಮಾರ್ಕ್ (ವೇಗ ಪರೀಕ್ಷೆ) ಅಂಕಿಗಳು ಗೊಂದಲ ಮಾಡುವುದೂ ಇದಕ್ಕೇ. ಕೆಲಸ ಶುರುವಾದಾಗ ಚಿಪ್ ಸ್ವಲ್ಪ ಹೊತ್ತು ನಿಗದಿಗಿಂತ ಜಾಸ್ತಿ ವಿದ್ಯುತ್ ಎಳೆದುಕೊಂಡು ಓಡುತ್ತದೆ. ಬಿಸಿ ಏರಿದ ಮೇಲೆ ಇಳಿಯುತ್ತದೆ. ಒಂದೆರಡು ನಿಮಿಷದ ಪರೀಕ್ಷೆಯಲ್ಲಿ ಈ ಇಳಿತ ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೇ ಸಿನೆಬೆಂಚ್ ಆರ್23 ಅನ್ನುವ ಪರೀಕ್ಷಾ ತಂತ್ರಾಂಶ ನನಗೆ ಇಷ್ಟ. ಅದರಲ್ಲಿ 10 ನಿಮಿಷದ ಓಟ ಮೊದಲೇ ಹೊಂದಿಸಿಟ್ಟಿರುತ್ತದೆ. ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ತೆರೆದಿಡಿ. ಅದು ಉಚಿತ. ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಕ್ಷಣಕ್ಷಣಕ್ಕೂ ತೋರಿಸುತ್ತದೆ. ಮೊದಲ ನಿಮಿಷದ ಅಂಕಿ ಬಿಡಿ, ಕೊನೆಯ ನಿಮಿಷದ್ದನ್ನು ಬರೆದುಕೊಳ್ಳಿ. ರಾತ್ರಿಯಿಡೀ ಪ್ರಾಜೆಕ್ಟ್ ಮಾಡುವಾಗ ನಿಮ್ಮ ಜೊತೆ ಇರುವುದು ಆ ವೇಗವೇ.

ಇನ್ನು ಗ್ರಾಫಿಕ್ಸ್. ಐ5ರಲ್ಲಿ ಐರಿಸ್ ಎಕ್ಸ್‌ಇ, ರೈಜನ್‌ನಲ್ಲಿ ವೇಗಾ. ಎರಡಕ್ಕೂ ಸ್ವಂತ ಮೆಮೊರಿ ಇಲ್ಲ, ರ್‍ಯಾಮ್ ಅನ್ನೇ ಹಂಚಿಕೊಳ್ಳುತ್ತವೆ. ಒಂದೇ ರ್‍ಯಾಮ್ ಸ್ಟಿಕ್ ಇದ್ದರೆ ಎರಡೂ ಸೊರಗುತ್ತವೆ. ಐರಿಸ್ ಕಥೆ ಇನ್ನೂ ವಿಚಿತ್ರ. ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ ಓಡುವ) ರ್‍ಯಾಮ್ ಇಲ್ಲದಿದ್ದರೆ ಅದಕ್ಕೆ ಐರಿಸ್ ಎಂಬ ಹೆಸರೂ ಸಿಗುವುದಿಲ್ಲ, ವಿಂಡೋಸ್‌ನಲ್ಲಿ ಸುಮ್ನೆ ಯುಎಚ್‌ಡಿ ಗ್ರಾಫಿಕ್ಸ್ ಅಂತ ಕಾಣಿಸುತ್ತದೆ. ಎಷ್ಟೋ ಮಂದಿ ಐರಿಸ್‌ಗಾಗಿ ದುಡ್ಡು ಕೊಟ್ಟು ಅದನ್ನು ಪೂರ್ತಿ ಬಳಸದೆಯೇ ವರ್ಷಗಟ್ಟಲೆ ಕಳೆಯುತ್ತಾರೆ ಅನ್ನುವುದು ನನಗೆ ಬೇಜಾರಿನ ಸಂಗತಿ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವಿಭಾಗ ನೋಡಿ. ಎಷ್ಟು ಸ್ಲಾಟ್ ತುಂಬಿವೆ ಅಂತ ಅಲ್ಲೇ ಬರೆದಿರುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಇನ್ನೊಂದು ಸ್ಟಿಕ್ ಹಾಕಿಸಿ.

ವಿಡಿಯೋ ಜಾಸ್ತಿ ನೋಡುವವರಿಗೆ ಒಂದು ಮಾತು. ಯೂಟ್ಯೂಬ್ ಬಳಸುವ ಎವಿ1 ಮಾದರಿಯ ವಿಡಿಯೋ ಬಿಡಿಸಲು ಐ5ರಲ್ಲಿ ಪ್ರತ್ಯೇಕ ಹಾರ್ಡ್‌ವೇರ್ ಇದೆ. 5500ಯುನಲ್ಲಿ ಇಲ್ಲ, ಕೋರ್‌ಗಳೇ ಆ ಕೆಲಸ ಮಾಡಬೇಕು. ಬ್ಯಾಟರಿ ಮೇಲೆ ಅದರ ಹೊರೆ ಬೀಳುತ್ತದೆ.

ನನ್ನನ್ನು ಕೇಳಿದರೆ, ಆಂಡ್ರಾಯ್ಡ್ ಸ್ಟುಡಿಯೋ, ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಅಂತ ಕೆಲಸ ಮಾಡುವವರು 16 ಜಿಬಿ ರ್‍ಯಾಮ್ ಇರುವ ರೈಜನ್ ತೆಗೆದುಕೊಳ್ಳಿ. ಬರವಣಿಗೆ, ಲೆಕ್ಕಪತ್ರ, ಆನ್‌ಲೈನ್ ಪಾಠ ಇಷ್ಟೇ ಸಾಕು ಅನ್ನುವವರಿಗೆ ಎರಡು ಸ್ಟಿಕ್ ಹಾಕಿದ ಐ5 ಚೆನ್ನಾಗಿರುತ್ತದೆ. ಯಾವುದೇ ಆಗಲಿ, ದುಡ್ಡು ಕೊಡುವ ಮುಂಚೆ ಆ 10 ನಿಮಿಷದ ಪರೀಕ್ಷೆ ಅಂಗಡಿಯಲ್ಲೇ ಮಾಡಿಸಿ. ಚಾರ್ಜರ್ ಹಾಕಿ ಒಮ್ಮೆ, ತೆಗೆದು ಇನ್ನೊಮ್ಮೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.