ಲಾಜರನ ಗೋರಿಯ ಮುಂದೆ

ಕೇಳುಗರಿಗೆ ನಮಸ್ಕಾರ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಯಾರಾದರೂ ರೇಡಿಯೊ ಹತ್ತಿರ ಕುಳಿತಿದ್ದರೆ, ಈ ಮಾತು ನಿಮಗೆ. ನಿಮಗೆ ಸಮಾಧಾನ ಹೇಳಲು ಹೊರಟಿರುವ ನೆಂಟರಿಷ್ಟರಿಗೂ ಇದೆ. ಅವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಅತ್ತರು ಎಂದಿದೆ. ಅತ್ತರು, ಅಷ್ಟೇ. ವಚನವೇ ಅಲ್ಲಿಗೆ ಮುಗಿಯುತ್ತದೆ.

ಊರು ಬೇಥಾನ್ಯ, ಯೆರೂಸಲೇಮಿನಿಂದ ಸುಮಾರು ಮೂರು ಕಿಲೋಮೀಟರ್. ಸ್ವಾಮಿಯ ಗೆಳೆಯ ಲಾಜರ ಸತ್ತು, ಅವನನ್ನು ಗೋರಿಯಲ್ಲಿಟ್ಟು ನಾಲ್ಕು ದಿನವಾಗಿತ್ತು. ಅವನ ಒಡಹುಟ್ಟಿದ ಮಾರ್ಥ, ಮರಿಯ ಸ್ವಾಮಿಯ ಬಳಿಗೆ ಬೇರೆ ಬೇರೆಯಾಗಿ ಬಂದರೂ ಆಡಿದ್ದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ನೇರವಾದ ದೂರು. ಸ್ವಾಮಿ ಮರಿಯಳನ್ನು ಗದರಲಿಲ್ಲ. ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದರು, ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆಂದು ಅವರಿಗೆ ಗೊತ್ತಿತ್ತು. ಎಬ್ಬಿಸಲು ಹೋಗುತ್ತೇನೆ ಎಂದು ಹೊರಡುವ ಮೊದಲೇ ಶಿಷ್ಯರಿಗೆ ಹೇಳಿದ್ದರು. ಗೊತ್ತಿದ್ದೂ ಅತ್ತರು. ಮರಿಯಳ ಅಳುವಿಗೆ ಗ್ರೀಕ್ ಮೂಲದಲ್ಲಿ ಗೋಳಿಡುವ ಪದವಿದೆ. ಸ್ವಾಮಿಯ ಅಳುವಿಗೆ ಬೇರೆ ಪದ, ಕಣ್ಣೀರು ತಾನಾಗಿ ಇಳಿಯುವುದು. ಹೊಸ ಒಡಂಬಡಿಕೆಯಲ್ಲಿ ಆ ಕ್ರಿಯಾಪದ ಬರುವುದು ಇದೊಂದೇ ಕಡೆ.

ನಾನು ಸಭಾಪಾಲಕನಾದ ಮೊದಲ ವರ್ಷ, ಒಬ್ಬ ತಾಯಿಯ ಇಪ್ಪತ್ತರ ಮಗ ಕೆರೆಯಲ್ಲಿ ಮುಳುಗಿ ಹೋದ. ಮಣ್ಣು ಮಾಡಿದ ಮರುದಿನ ಆ ಮನೆಗೆ ಹೋದೆ. ಬೈಬಲಿನಲ್ಲಿ ಆರು ಕಡೆ ಕಾಗದದ ಚೂರು ಸಿಕ್ಕಿಸಿಕೊಂಡು ಹೋಗಿದ್ದೆ. ಪಡಸಾಲೆಯಲ್ಲಿ ಕುಳಿತು ಪುನರುತ್ಥಾನವನ್ನು ಅರ್ಧ ಗಂಟೆ ವಿವರಿಸಿದೆ. ಚೆನ್ನಾಗಿಯೇ ಮಾತಾಡಿದೆ ಎಂದುಕೊಳ್ಳುತ್ತಾ ನಿಲ್ಲಿಸಿದಾಗ ಆಕೆ ಕೇಳಿದ್ದು, "ಅಯ್ಯನವರೇ, ಕಾಫಿ ಕುಡಿಯುತ್ತೀರಾ?"

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಗಂಜಿಯ ತಪ್ಪಲೆ ಹಿಡಿದು ಬಂದರು. ಹೊಸ್ತಿಲ ಬಳಿ ಒಂದು ಜೊತೆ ಗಂಡಸರ ಚಪ್ಪಲಿ ಇತ್ತು. ನಾನು ಅದನ್ನು ದಾಟಿಕೊಂಡೇ ಒಳಗೆ ಬಂದಿದ್ದೆ. ಆ ಅಜ್ಜಿ ನಿಂತರು. "ಹೊಸದೇನೇ?"

"ಹೌದು ಅತ್ತೆ. ಹೋದ ಸಂತೆಯಲ್ಲಿ ತೆಗೆದದ್ದು. ಹಿಮ್ಮಡಿ ಕಚ್ಚುತ್ತದೆ ಅನ್ನುತ್ತಿದ್ದ."

ಅಜ್ಜಿ ತಪ್ಪಲೆಯನ್ನು ನೆಲಕ್ಕಿಟ್ಟು ಅಲ್ಲೇ ಕುಸಿದು ಕುಳಿತು ಅತ್ತರು. ಆಕೆಯೂ ಅತ್ತಳು, ಆವತ್ತು ಮೊದಲ ಸಲ. ನಾನು ಬೈಬಲ್ ಮುಚ್ಚಿದೆ. ಬೇಥಾನ್ಯದ ಕಥೆಯನ್ನು ಅದಕ್ಕೆ ಮುಂಚೆ ನೂರು ಸಲ ಓದಿದ್ದೆ.

ಇದಕ್ಕೇ ಅರ್ಧ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ನಾಯಿನ್ ಊರಿನ ವಿಧವೆಗೆ ಯೇಸುವೇ "ಅಳಬೇಡ" ಎಂದರಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಂದರು, ನಿಜ. ಎಂದು, ಚಟ್ಟದ ಮೇಲಿದ್ದ ಮಗನನ್ನು ಎಬ್ಬಿಸಿ ತಾಯಿಯ ಕೈಗೆ ಕೊಟ್ಟರು. ನಿಮ್ಮಿಂದ ಅದು ಆಗುವುದಾದರೆ ನೀವೂ ಅನ್ನಿ. ಆಗದಿದ್ದರೆ ದಯವಿಟ್ಟು "ಅಳಬೇಡಿ, ದೇವರ ಚಿತ್ತ" ಎನ್ನುವುದನ್ನು ಬಿಟ್ಟುಬಿಡಿ. ದೇವರೇ ಅತ್ತಿರುವಾಗ ಅಳಬೇಡಿ ಎನ್ನಲು ನಾವು ಯಾರು? ಆ ವಿಧವೆಯನ್ನು ಕಂಡು ಸ್ವಾಮಿ ಕನಿಕರಪಟ್ಟರು ಎನ್ನುವಲ್ಲಿ, ಈ ಕಥೆ ಬರೆದ ಸುವಾರ್ತೆಗಾರ ಲೂಕ ಬಳಸುವ ಗ್ರೀಕ್ ಪದ ಹುಟ್ಟಿದ್ದು ಕರುಳಿನಿಂದ. ಬೇರೆ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದೀತು. ಕರುಳು ಚುರುಕ್ಕೆಂದಿತು ಎನ್ನುವ ನಮಗೆ ಏನೂ ಹೇಳಬೇಕಾಗಿಲ್ಲ.

ಇನ್ನು 56ನೆಯ ಕೀರ್ತನೆ. ನನ್ನ ಕಣ್ಣೀರನ್ನು ನಿನ್ನ ಬುದ್ದಲಿಯಲ್ಲಿ ತುಂಬಿಡು ಎಂದು ಅಲ್ಲಿ ದೇವರನ್ನು ಬೇಡಲಾಗಿದೆ. ಬುದ್ದಲಿ ಎಂದರೆ ತೊಗಲಿನ ಚೀಲ. ಆ ಕಾಲದಲ್ಲಿ ಕುಡಿಯುವ ನೀರನ್ನೋ ಹಾಲನ್ನೋ ದ್ರಾಕ್ಷಾರಸವನ್ನೋ ಜೋಪಾನ ಮಾಡುತ್ತಿದ್ದದ್ದು ಅದರಲ್ಲಿ.

ನಮಸ್ಕಾರ.